ಗಂಡು ಕೂಸಿನ ಬೀಜ ಇಳಿಯದಿದ್ದರೆ



ಹೋರಿಗರು ಕೊಳ್ಳುವಾಗ ಎರಡು ಬೀಜಗಳೂ ಇಳಿದಿವೆಯೇ ಎಂದು ಮುಟ್ಟಿ ನೋಡುತ್ತೀರಿ. ಮನೆಯ ಗಂಡು ಕೂಸನ್ನು ಹಾಗೆ ನೋಡಲು ನಾಚಿಕೆಯೇಕೆ?

ಬೀಜಗಳು ಬೆಳೆಯುವುದು ಕೂಸಿನ ಹೊಟ್ಟೆಯೊಳಗೆ; ಹುಟ್ಟುವ ಮುಂಚೆ ಅವು ಚೀಲಕ್ಕೆ ಇಳಿಯುತ್ತವೆ. ದಿನ ತುಂಬಿ ಹುಟ್ಟಿದ 100 ಗಂಡು ಕೂಸುಗಳಲ್ಲಿ ಸುಮಾರು 3ಕ್ಕೆ ಒಂದಾದರೂ ಇಳಿದಿರುವುದಿಲ್ಲ. ದಿನ ತುಂಬದೆ ಹುಟ್ಟಿದವಕ್ಕೆ ಇದು ಇನ್ನೂ ಹೆಚ್ಚು. ಮೊದಲ ತಿಂಗಳುಗಳಲ್ಲಿ ಹಲವು ತಾವಾಗಿಯೇ ಇಳಿಯುತ್ತವೆ. 6 ತಿಂಗಳಾದ ಮೇಲೆ ಇಳಿಯುವುದು ಅಪರೂಪ. “ದೊಡ್ಡವನಾದರೆ ಸರಿಹೋದೀತು” ಎಂದು ಕಾಯಬೇಡಿ. ಮೈಯೊಳಗಿನ ಕಾವಿಗೆ ಬೀಜ ಕೆಡುತ್ತದೆ. ಮುಂದೆ ಮಕ್ಕಳಾಗದಿರಬಹುದು, ಪ್ರಾಯದಲ್ಲಿ ಆ ಬೀಜಕ್ಕೆ ಕ್ಯಾನ್ಸರ್ ತಗಲುವ ಸಂಭವವೂ ಹೆಚ್ಚು.

ಎಣ್ಣೆ ನೀವಿದರೆ ಇಳಿಯದು, ಶಸ್ತ್ರಕ್ರಿಯೆಯೇ ದಾರಿ. ಮಗುವಿಗೆ ಎಚ್ಚರ ತಪ್ಪಿಸಿ, ತೊಡೆಸಂದಿಯಲ್ಲಿ ಚಿಕ್ಕದಾಗಿ ಕೊಯ್ದು, ಬೀಜವನ್ನು ಇಳಿಸಿ ಚೀಲದಲ್ಲಿ ನೆಲೆಗೊಳಿಸುತ್ತಾರೆ. ಬಹಳ ಮಕ್ಕಳು ಅದೇ ದಿನ ಮನೆಗೆ ಮರಳುತ್ತಾರೆ. 6ರಿಂದ 18 ತಿಂಗಳೊಳಗೆ ಮಾಡಿಸುವುದು ಉತ್ತಮ. ಆ ವಯಸ್ಸು ದಾಟಿದ್ದರೂ ವೈದ್ಯರಿಗೆ ತೋರಿಸಿ.

ಬಿಸಿನೀರು ಎರೆಯುವಾಗ ಕೂಸಿನ ಚೀಲ ಮುಟ್ಟಿ ನೋಡಿ. ಚಳಿಗೆ ಬೀಜ ಮೇಲೆ ಸರಿದಿರುತ್ತದೆ. ಒಂದು ಸಿಗದಿದ್ದರೆ 6 ತಿಂಗಳಾಗುತ್ತಲೇ, ಎರಡೂ ಸಿಗದಿದ್ದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಬಿತ್ತನೆಗೆ ಹದ ತಪ್ಪಿಸದ ನೀವು ಇದಕ್ಕೂ ಹದ ತಪ್ಪಿಸಬೇಡಿ.

— ನಿಮ್ಮ ಗ್ರಾಮಸೇವಕ