ಹಳೆಯ ಯೆಜ್ಡಿಯ ಕ್ಲಚ್ ಏಕೆ ಸದ್ದು ಮಾಡುತ್ತದೆ?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವಾರ್ಷಿಕ ಸಂಚಿಕೆಗೆ ಯಂತ್ರದ ವಿಷಯವಾಗಿ ಬರೆಯುವುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದರೆ ಸದ್ದನ್ನು ಕೇಳಿ ಯಂತ್ರದ ಕ್ಷೇಮವನ್ನು ಅರಿಯುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಕೆಲಸಗಾರನೂ ಮೊಳಕಾಲ್ಮೂರಿನ ನೇಕಾರನೂ ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುವವರು. ಲಾಳಿಯ ಸದ್ದು ಸ್ವಲ್ಪ ಬದಲಾದರೂ ನೇಕಾರನು ಮಗ್ಗವನ್ನು ನಿಲ್ಲಿಸಿ ನೋಡುತ್ತಾನೆ. ಇದೇ ವಿದ್ಯೆ ಒಂದು ಹಳೆಯ ಮೋಟಾರು ಸೈಕಲ್ಲನ್ನು ಗುಜರಿಯ ಪಾಲಾಗದಂತೆ ಹೇಗೆ ಉಳಿಸಿತೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊಳಕಾಲ್ಮೂರಿನಲ್ಲಿರುವ ನನ್ನ ಸೋದರಮಾವನವರ ಬಳಿ ಒಂದು ಯೆಜ್ಡಿ ಇದೆ. ನೇಕಾರರ ಮನೆಗಳಿಗೆ ರೇಷ್ಮೆ ನೂಲನ್ನು ಮುಟ್ಟಿಸುವುದೂ, ನೇಯ್ದ ಸೀರೆಗಳನ್ನು ಚಳ್ಳಕೆರೆಗೆ ತರುವುದೂ ಅದರ ಮೇಲೆಯೇ. ಕಳೆದ ವರ್ಷ ಅದರ ಕ್ಲಚ್ಚಿನ ಕಡೆಯಿಂದ ಕಟಕಟ ಸದ್ದು ಹುಟ್ಟಿ ದಿನೇ ದಿನೇ ಹೆಚ್ಚಿತು. ಒಂದು ಕಡೆ ತೋರಿಸಿದಾಗ, “ಇದಕ್ಕೆ ಸಾಮಾನು ಸಿಗೋದಿಲ್ಲ, ಗುಜರಿಗೆ ಹಾಕಿ” ಎಂಬ ಉತ್ತರ ಬಂದಿತು. ಹೊಸ ವಾಹನ ಕೊಳ್ಳುವ ಶಕ್ತಿ ಮಾವನವರಿಗಿರಲಿಲ್ಲ. ಬಸ್ಸಿನ ವೇಳೆಗೆ ಕಾದು ಕುಳಿತರೆ ವ್ಯಾಪಾರ ನಡೆಯುವಂತಿರಲಿಲ್ಲ. ಕೊನೆಗೆ ಚಳ್ಳಕೆರೆಯ ವೃದ್ಧ ಮೇಸ್ತ್ರಿಯೊಬ್ಬರು ಅದನ್ನು ಕೈಗೆತ್ತಿಕೊಂಡರು. ಅವರ ಪಕ್ಕದಲ್ಲಿ ಪಾನಾ ಹಿಡಿದು ನಿಂತು ನಾನು ಕಲಿತದ್ದೇ ಈ ಲೇಖನದ ಬಂಡವಾಳ.

ಮೊದಲು ಯೆಜ್ಡಿಯ ವಂಶವನ್ನು ಎರಡು ಮಾತಿನಲ್ಲಿ ಹೇಳಬೇಕು. ಜಾವಾ ಎಂಬುದು ಚೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ಹೆಸರು. ಸ್ಥಾಪಕ ಯಾನೆಚೆಕ್ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿ, ಈ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆದದ್ದು. 1960ರ ದಶಕದ ಆರಂಭದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಈ 250 ಸಿ.ಸಿ. ಗಾಡಿಗಳನ್ನು ತಯಾರಿಸಿತು, 1970ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವುಗಳ ಎಂಜಿನ್ನೇ ಬೇರೆ. ಆ ಸಾಮಾನು ಹಳೆಯ ಗಾಡಿಗೆ ಹೊಂದುವುದಿಲ್ಲ. ಆದ್ದರಿಂದಲೇ ಇರುವುದನ್ನು ಅರಿತು ಕಾಪಾಡಿಕೊಳ್ಳಬೇಕಾಗಿದೆ.

ಕ್ಲಚ್ ಎಂದರೇನು? ಹಿಂದೆ ಒಂದೇ ಎಂಜಿನ್ನಿನಿಂದ ಹಲವು ಯಂತ್ರಗಳು ನಡೆಯುತ್ತಿದ್ದ ಗಿರಣಿಗಳಲ್ಲಿ ಒಂದು ಉಪಾಯವಿತ್ತು. ಯಂತ್ರದ ದಂಡದ ಮೇಲೆ ಅಕ್ಕಪಕ್ಕದಲ್ಲಿ ಎರಡು ರಾಟೆಗಳು. ಒಂದು ದಂಡಕ್ಕೆ ಬಿಗಿದದ್ದು, ಇನ್ನೊಂದು ಸುಮ್ಮನೆ ತಿರುಗುವುದು. ಬೆಲ್ಟನ್ನು ಸಡಿಲ ರಾಟೆಗೆ ಸರಿಸಿದರೆ ಎಂಜಿನ್ ಓಡುತ್ತಿದ್ದರೂ ಯಂತ್ರ ನಿಲ್ಲುತ್ತದೆ. ಬಿಗಿ ರಾಟೆಗೆ ಸರಿಸಿದರೆ ನಡೆಯುತ್ತದೆ. ಮೋಟಾರು ಸೈಕಲ್ಲಿನಲ್ಲಿ ಈ ಕೆಲಸ ಮಾಡುವುದೇ ಕ್ಲಚ್. ಎಂಜಿನ್ನಿನಿಂದ ಒಂದು ಸಣ್ಣ ಸರಪಳಿ ಬಂದು ಡ್ರಮ್ಮನ್ನು ತಿರುಗಿಸುತ್ತದೆ. ಡ್ರಮ್ಮಿನೊಳಗೆ ಕಾರ್ಕ್ ಹಚ್ಚಿದ ತಟ್ಟೆಗಳೂ ಉಕ್ಕಿನ ತಟ್ಟೆಗಳೂ ಒಂದರ ಮೇಲೊಂದು ಕುಳಿತಿರುತ್ತವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಾಗ ಡ್ರಮ್ಮಿನ ತಿರುಗು ಗೇರಿಗೆ ಮುಟ್ಟುತ್ತದೆ; ಕೈಹಿಡಿ ಎಳೆದಾಗ ಒತ್ತಡ ತಪ್ಪಿ ತಟ್ಟೆಗಳು ಬಿಡುತ್ತವೆ. ಇದೆಲ್ಲವೂ ಎಣ್ಣೆಯಲ್ಲಿ ನೆನೆದೇ ಇರುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆ ಎಂಜಿನ್ನಿಗೆ ಮಾತ್ರ. ಕ್ಲಚ್ಚಿನ ಎಣ್ಣೆ ಬೇರೆಯೇ. ಈ ಭೇದವನ್ನು ಅರಿಯದೆ ಎಷ್ಟೋ ಗಾಡಿಗಳು ಒಣಗಿ ಕೆಡುತ್ತವೆ.

ಇನ್ನು ಸದ್ದಿನ ವಿಚಾರ. ನಾನು ಪಾನಾ ಎತ್ತಿದೊಡನೆ ಮೇಸ್ತ್ರಿಯವರು, “ಬಿಚ್ಚೋದು ಆಮೇಲೆ ಕಣಪ್ಪ, ಮೊದ್ಲು ಕೇಳು” ಎಂದರು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ ಓಡಲು ಬಿಟ್ಟು ಕ್ಲಚ್ಚಿನ ಕೈಹಿಡಿಯನ್ನು ಎಳೆದು ಬಿಟ್ಟು ಮಾಡಬೇಕು. ಎಳೆದಾಗ ಮಾತ್ರ ಸದ್ದು ಬಂದರೆ, ಆಗಷ್ಟೇ ಬೇರೆ ಬೇರೆಯಾಗಿ ತಿರುಗುವ ಭಾಗಗಳಲ್ಲಿ ದೋಷವಿದೆ ಎಂದರ್ಥ: ಡ್ರಮ್ಮಿನ ಬುಷ್ ಸವೆದಿರಬಹುದು, ಇಲ್ಲವೇ ತಟ್ಟೆಗಳನ್ನು ಬಿಡಿಸುವ ಕಡ್ಡಿ ಸವೆದಿರಬಹುದು. ಎಳೆದೊಡನೆ ಸದ್ದು ಅಡಗಿದರೆ ಗೇರ್ ಪೆಟ್ಟಿಗೆಯ ಬೇರಿಂಗಿನ ಮೇಲೆ ಸಂಶಯಪಡಬೇಕು. ಏಕೆಂದರೆ ಆಗ ಆ ದಂಡಕ್ಕೆ ಬರುವ ಶಕ್ತಿ ಕಡಿದುಹೋಗುತ್ತದೆ. ಎಳೆದರೂ ಬಿಟ್ಟರೂ ಸದ್ದು ಒಂದೇ ಆಗಿದ್ದರೆ, ತಪ್ಪು ಸದಾ ಓಡುವ ಸರಪಳಿಯದು. ಗಾಡಿ ಹೊರಡುವಾಗ ಮಾತ್ರ ಕಿರುಗುಟ್ಟಿ ನಡುಗಿದರೆ ತಟ್ಟೆ, ಸ್ಪ್ರಿಂಗುಗಳನ್ನು ನೋಡಬೇಕು. ಇದು ಸ್ಥೂಲವಾದ ನಿಯಮವೇ ಹೊರತು ಶಾಸನವಲ್ಲ; ಆದರೆ ಎಲ್ಲಿ ಮೊದಲು ಹುಡುಕಬೇಕೆಂಬುದನ್ನು ತಿಳಿಸುತ್ತದೆ.

ಮಾವನವರ ಗಾಡಿಯ ಸದ್ದು ಎಳೆದರೂ ಬಿಟ್ಟರೂ ಒಂದೇ ಸಮನಾಗಿತ್ತು. ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಸಲಾಕೆಯೇ ಗೇರಿನ ಸಲಾಕೆಯೂ ಆಗಿ ಎಡಗಡೆಯಲ್ಲಿರುತ್ತದೆ. ಎಣ್ಣೆ ಇಳಿಸಿ, ಆ ಸಲಾಕೆಯನ್ನು ತೆಗೆದು, ಎಡಗಡೆಯ ಮುಚ್ಚಳ ಬಿಚ್ಚಿದೆವು. ಸರಪಳಿ ಜೋತು ಬಿದ್ದಿತ್ತು. ಅದು ಬಡಿದ ಕಡೆ ಕವಚದ ಒಳಮೈ ಬೆಳ್ಳಗೆ ಉಜ್ಜಿಹೋಗಿತ್ತು. ಹಿಂದಿನ ಚಕ್ರದ ಸರಪಳಿಯಾದರೆ ಚಕ್ರವನ್ನು ಹಿಂದಕ್ಕೆಳೆದು ಬಿಗಿ ಮಾಡಬಹುದು. ಇಲ್ಲಿ ಎಂಜಿನ್ನೂ ಗೇರ್ ಪೆಟ್ಟಿಗೆಯೂ ಒಂದೇ ಕವಚದಲ್ಲಿರುವುದರಿಂದ ಎರಡು ಹಲ್ಲುಚಕ್ರಗಳ ನಡುವಣ ದೂರವನ್ನು ಬದಲಿಸುವಂತಿಲ್ಲ. ಹೊಸ ಸರಪಳಿಯೊಂದೇ ದಾರಿ. ಅದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆವು. ಸರಪಳಿಗೆ ಬಿಚ್ಚುವ ಕೊಂಡಿ ಇಲ್ಲವಾದ್ದರಿಂದ ಎಂಜಿನ್ನಿನ ಹಲ್ಲುಚಕ್ರವನ್ನೂ ಡ್ರಮ್ಮನ್ನೂ ಒಟ್ಟಿಗೇ ಕಳಚಿ ಒಟ್ಟಿಗೇ ಕೂರಿಸಬೇಕು.

ಡ್ರಮ್ಮು ಹೊರಬಂದಾಗ ಇನ್ನೊಂದು ದೋಷವೂ ಕಂಡಿತು. ತಟ್ಟೆಗಳ ಕಿವಿಗಳು ಕೂರುವ ಸೀಳುಗಳ ಅಂಚಿನಲ್ಲಿ ಸಣ್ಣ ಸಣ್ಣ ಗಚ್ಚುಗಳು ಬಿದ್ದಿದ್ದವು. ಕಿವಿ ಗಚ್ಚಿಗೆ ಸಿಕ್ಕಿದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕರಕರ ಎನ್ನುತ್ತದೆ. ಮೇಸ್ತ್ರಿಯವರು ಅವನ್ನು ಅರದಿಂದ ಹಗುರವಾಗಿ ಸಮ ಮಾಡಿದರು. ಗಚ್ಚು ಆಳವಾಗಿದ್ದರೆ ಡ್ರಮ್ಮನ್ನೇ ಬದಲಿಸಬೇಕು, ಏಕೆಂದರೆ ಹೆಚ್ಚು ಅರ ಹಾಕಿದರೆ ಸೀಳು ಅಗಲವಾಗಿ ಸದ್ದು ಇಮ್ಮಡಿಸುತ್ತದೆ. ಸ್ಪ್ರಿಂಗುಗಳನ್ನು ಚಪ್ಪಡಿಯ ಮೇಲೆ ಸಾಲಾಗಿ ನಿಲ್ಲಿಸಿ ಎತ್ತರ ನೋಡಿದರು. ಒಂದು ಕುಗ್ಗಿದ್ದರೂ ಒತ್ತುವ ತಟ್ಟೆ ವಾರೆಯಾಗಿ ಏಳುತ್ತದೆ. ಬದಲಿಸುವುದಾದರೆ ಎಲ್ಲವನ್ನೂ ಬದಲಿಸಬೇಕು. ಹೊಸ ಕಾರ್ಕ್ ತಟ್ಟೆಗಳನ್ನು ಜೋಡಿಸುವ ಮುನ್ನ ಎಣ್ಣೆಯಲ್ಲಿ ನೆನೆಹಾಕಿದರು. ಕಡೆಯಲ್ಲಿ ಕೇಬಲ್ಲಿಗೆ ಎರಡು ಮೂರು ಮಿಲಿಮೀಟರಿನಷ್ಟು ಸಡಿಲ ಬಿಟ್ಟರು. ಸಡಿಲವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ, ಅತಿಯಾದರೆ ಬಿಡುವುದಿಲ್ಲ. ಈ ಗಾಡಿಯಲ್ಲಿ ಗೇರಿನ ಸಲಾಕೆಯನ್ನು ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುವ ಏರ್ಪಾಟೂ ಇರುವುದರಿಂದ ಈ ಹೊಂದಿಕೆಗೆ ಹೆಚ್ಚಿನ ಎಚ್ಚರ ಬೇಕು.

ಎಣ್ಣೆ ತುಂಬಿ ಕಿಕ್ ಹೊಡೆದಾಗ ಕಟಕಟ ಸದ್ದು ಹೋಗಿ ಯೆಜ್ಡಿಯ ಸಹಜವಾದ ಗುಡುಗುಡು ಮಾತ್ರ ಉಳಿದಿತ್ತು. ಹಾಳಾದ ಸರಪಳಿ ಇನ್ನಷ್ಟು ದಿನ ಓಡಿ ದಾರಿಯಲ್ಲಿ ತುಂಡಾಗಿದ್ದರೆ ಕವಚವೇ ಒಡೆಯಬಹುದಾಗಿತ್ತು. ಆಗ ಗುಜರಿಯ ಮಾತೇ ನಿಜವಾಗುತ್ತಿತ್ತು.

ಇಂಥ ಮೇಸ್ತ್ರಿಗಳ ವಿದ್ಯೆ ಯಾವ ಪುಸ್ತಕದಲ್ಲಿಯೂ ಸೇರದೆ ಅವರ ಬೆರಳಿನಲ್ಲಿ, ಕಿವಿಯಲ್ಲಿ ಉಳಿದಿದೆ. ಕೇಳಿ ಬರೆದಿಡುವವರಿಲ್ಲದಿದ್ದರೆ ಅದು ಅವರೊಂದಿಗೇ ಕೊನೆಗೊಳ್ಳುವುದು. ಶಾಸನಗಳನ್ನೂ ಜನಪದ ಗೀತೆಗಳನ್ನೂ ಸಂಗ್ರಹಿಸಲು ಊರೂರು ಅಲೆಯುವ ನಾವು, ನಮ್ಮ ಬೀದಿಯ ಮೇಸ್ತ್ರಿಯ ಬಳಿಯೂ ಒಂದು ಗಳಿಗೆ ಕೂರುವುದು ಒಳ್ಳೆಯದು. ಕಲೆಯ ವಿದ್ಯಾರ್ಥಿಗೆ ಅದು ಹೊರಗಿನ ವಿಷಯವೆಂದು ನನಗೆ ತೋರುವುದಿಲ್ಲ.