‘ದತ್ತಿ’ ಶಬ್ದದ ಅರ್ಥ ಮತ್ತು ಬಳಕೆ

ಧನಸಹಾಯವನ್ನು ಸೂಚಿಸುವ ಶಬ್ದಗಳು ಕನ್ನಡದಲ್ಲಿ ಹಲವಿದ್ದರೂ ಅವು ಸಮಾನಾರ್ಥಕಗಳಲ್ಲ. ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಜತ್ತ ತಾಲೂಕಿನ ಕುಣಿಕೋಣೂರದಂಥ ಊರುಗಳ ಶಿಕ್ಷಕರು ಈ ಭೇದವನ್ನು ಅರಿತಿರುವುದು ಅವಶ್ಯ. ಎಲ್ಲರೂ ಪಾಲು ಹಾಕಿ ಕೂಡಿಸಿದ್ದು ವಂತಿಗೆ. ಮರಾಠಿಯಲ್ಲಿ ಇದಕ್ಕೆ ‘ವರ್ಗಣಿ’ ಎನ್ನುವರು. ಒಬ್ಬರು ಸ್ವಸಂತೋಷದಿಂದ ಕೊಟ್ಟದ್ದು ದೇಣಿಗೆ. ಮರಾಠಿಯ ‘ದೇಣಗಿ’ ಇದರ ಜೋಡಿ. ಸರಕಾರವು ನಿಯಮಾನುಸಾರ ಕೊಡುವುದು ಅನುದಾನ. ಈ ಶಬ್ದ ಎರಡೂ ಭಾಷೆಗಳಿಗೆ ಒಂದೇ.

ದತ್ತಿ ಇವೆಲ್ಲವುಗಳಿಂದ ಭಿನ್ನ. ಕೊಡು ಎಂಬರ್ಥದ ಸಂಸ್ಕೃತ ‘ದಾ’ ಧಾತುವಿನಿಂದ ಬಂದ ಈ ಶಬ್ದವು ಕನ್ನಡ ಶಾಸನಗಳಲ್ಲಿ ಗುಡಿ ಬಸದಿಗಳಿಗೆ ಬಿಟ್ಟ ದಾನಕ್ಕೆ ಸಲ್ಲುತ್ತದೆ. ಹೊಲ ಉಳಿಯಬೇಕು, ಅದರ ಹುಟ್ಟುವಳಿ ಸಲ್ಲಬೇಕು. ಇದೇ ಭೂದತ್ತಿಯ ಮರ್ಮ. ದತ್ತಿಯನ್ನು ಅಳಿಪಿದವರಿಗೆ ಪಾಪವೆಂದು ಶಾಸನಗಳು ಎಚ್ಚರಿಸುವುದೂ ಇದಕ್ಕಾಗಿಯೇ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಲ್ಲಿ ಹೊಲದ ಸ್ಥಾನಕ್ಕೆ ಠೇವಣಿ, ಹುಟ್ಟುವಳಿಯ ಸ್ಥಾನಕ್ಕೆ ಬಡ್ಡಿ ಬಂದಿದೆ.

ಕಾರಣ, ಶಾಲೆಗೆ ಹಣ ಬಂದಾಗ ಪಾವತಿಯಲ್ಲಿ ಯೋಗ್ಯ ಶಬ್ದವನ್ನೇ ಬರೆಯತಕ್ಕದ್ದು. ದತ್ತಿಯನ್ನು ದೇಣಿಗೆಯೆಂದು ಬರೆದರೆ ಮೂಲಧನವೇ ಸುಣ್ಣಬಣ್ಣಕ್ಕೆ ಖರ್ಚಾಗಿ, ಮುಂದೆ ಬರುವ ಬಡ ವಿದ್ಯಾರ್ಥಿಯ ಪುಸ್ತಕಕ್ಕೆ ಹಣವಿಲ್ಲದಾದೀತು.