ನೈರೋಬಿಯ ಹಳೆಯ ಮನೆಗಳ ಮರದ ನೆಲ

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ಕಾರ್ಪೆಟ್ಟನ್ನೋ ವಿನೈಲ್ ಹಾಳೆಯನ್ನೋ ಎತ್ತಿ ನೋಡಿದರೆ, ಅಡಿಯಲ್ಲಿ ಚಿಕ್ಕ ಮರದ ಪಟ್ಟಿಗಳನ್ನು ಚಾಪೆಯ ಹೆಣಿಗೆಯಂತೆ ಜೋಡಿಸಿದ ಪಾರ್ಕೆಟ್ ನೆಲ ಅನೇಕ ವೇಳೆ ಸಿಗುತ್ತದೆ. ಅಡುಗೆಮನೆಯನ್ನು ಊಟದ ಕೋಣೆಗೆ ಸೇರಿಸಿ ನವೀಕರಿಸುವಾಗ ನಮ್ಮ ಮನೆಯಲ್ಲಿಯೂ ಇಂಥ ನೆಲ ಹೊರಬಿತ್ತು. ಕಿತ್ತು ಟೈಲ್ಸ್ ಹಾಸಿಬಿಡಿ ಎಂಬ ಸಲಹೆ ಕೂಡಲೇ ಬಂದಿತು. ಕೀಳುವ ಮೊದಲು ಆ ಮರ ಯಾವುದೆಂದು ತಿಳಿಯುವುದು ಒಳ್ಳೆಯದು.

ಈ ನೆಲಗಳಿಗೆ ಬಳಸಿದ ಮರಗಳಲ್ಲಿ ಮುಖ್ಯವಾದುದು ಮುಹುಹು. ಸಸ್ಯಶಾಸ್ತ್ರದಲ್ಲಿ ಬ್ರಾಕಿಲೀನ ಹ್ಯೂಲೆನ್ಸಿಸ್. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಸಸ್ಯವೊಂದು ಇಷ್ಟು ಗಟ್ಟಿಮರವಾಗಿ ಬೆಳೆಯುವುದೇ ಒಂದು ಸೋಜಿಗ. ಗೆದ್ದಲಿಗೆ ಇದು ಸುಲಭವಾಗಿ ಮಣಿಯದು, ತುಳಿತಕ್ಕೆ ಸವೆಯುವುದೂ ಕಡಿಮೆ. ಉಜ್ಜಿದಾಗ ಸುವಾಸನೆ ಏಳುತ್ತದೆ. ಇದರ ತೈಲವನ್ನು ಶ್ರೀಗಂಧದೆಣ್ಣೆಗೆ ಬದಲಿಯಾಗಿ ಬಳಸಿದ್ದುಂಟು. ಆದರೆ ಬೆಳವಣಿಗೆ ಬಹಳ ನಿಧಾನ. ನೆಲಕ್ಕೂ ಕೆತ್ತನೆಗೂ ಕಡಿದು ಕಡಿದು ದೊಡ್ಡ ಮರಗಳು ವಿರಳವಾಗಿವೆ. ವಂಗಾರಿ ಮಥಾಯ್ ಅವರು 1998–99ರಲ್ಲಿ ಕಟ್ಟಡ ನಿರ್ಮಾಪಕರಿಂದ ಉಳಿಸಲು ಹೋರಾಡಿದ ಕರೂರಾ ಅರಣ್ಯದಲ್ಲಿ ಇವು ಇನ್ನೂ ಇವೆ. ಕಿತ್ತೆಸೆದ ನೆಲಕ್ಕೆ ಸಮನಾದ ಮರವನ್ನು ಮತ್ತೆ ಕೊಳ್ಳುವುದು ಸುಲಭವಲ್ಲ.

ವೈದ್ಯನಾಗಿ ನನ್ನ ಚಿಂತೆಯೆಲ್ಲ ಧೂಳಿನದು. ಗಟ್ಟಿಮರದ ಧೂಳು ಮೂಗಿನ ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ದಿನವೂ ಇದೇ ಕೆಲಸ ಮಾಡುವ ಫುಂಡಿಗೆ, ಅಂದರೆ ಇಲ್ಲಿನ ಕುಶಲಕರ್ಮಿಗೆ, ಅಪಾಯ ಮನೆಯೊಡೆಯನಿಗಿಂತ ಹೆಚ್ಚು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಎಫ್‌ಎಫ್‌ಪಿ2 ಮುಖಗವಸನ್ನು ಮನೆಯವರೇ ಕೊಂಡು ಕೊಡಬೇಕು. ಗೋಡೆಯಂಚಿನ ಪಟ್ಟಿ, ಕಿಟಕಿಯ ಚೌಕಟ್ಟುಗಳ ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಮಕ್ಕಳ ರಕ್ತದಲ್ಲಿ ಸೀಸಕ್ಕೆ ನಿರಪಾಯದ ಮಟ್ಟವೆಂಬುದೇ ಇಲ್ಲ. ಅದನ್ನು ಒಣದಾಗಿ ಉಜ್ಜದೆ ನೀರು ಚಿಮುಕಿಸಿ ಹೆರೆಯಬೇಕು, ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸ ಮುಗಿಯುವವರೆಗೆ ಮಕ್ಕಳೂ ಗರ್ಭಿಣಿಯರೂ ಬೇರೆಡೆ ಇರುವುದು ಲೇಸು. ಪಟ್ಟಿಗಳ ಕೆಳಗಿನ ಕಪ್ಪು ಡಾಂಬರು ಅಂಟಿಗೂ ಇದೇ ಎಚ್ಚರ ಬೇಕು: ಆ ಕಾಲದ ಕೆಲವು ಅಂಟುಗಳಲ್ಲಿ ಕಲ್ನಾರು ಸೇರಿರುತ್ತಿತ್ತು.

ಉಳಿದದ್ದು ತಾಳ್ಮೆಯ ಕೆಲಸ. ಸಡಿಲವಾದ ಪಟ್ಟಿಗಳನ್ನು ಮರಳಿ ಅಂಟಿಸಿ, ಒರಟು ಕಾಗದದಿಂದ ಆರಂಭಿಸಿ ನಯವಾದ 120ರವರೆಗೆ ಉಜ್ಜಬೇಕು. ಪಟ್ಟಿಗಳು ತೆಳುವಾಗಿದ್ದರೆ ಪ್ರತಿ ಸಲದ ಉಜ್ಜಾಟವೂ ನೆಲದ ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಮಾರ್ಚ್‌ನಿಂದ ಮೇ ವರೆಗಿನ ದೊಡ್ಡ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುವುದರಿಂದ ಈ ಕೆಲಸಕ್ಕೆ ಒಣ ತಿಂಗಳುಗಳೇ ಸೂಕ್ತ. ಗೋಡೆಯಂಚಿನ ಸಂದನ್ನು ಸಿಮೆಂಟಿನಿಂದ ಮುಚ್ಚಕೂಡದು.

ಅಡುಗೆಮನೆಯಲ್ಲಿ ನೀರು ನಿಲ್ಲುವ ಸಿಂಕಿನ ಮುಂದೆ ಟೈಲ್ಸ್ ಹಾಸಿ, ಉಳಿದೆಡೆ ಮರವನ್ನು ಇರಿಸಿಕೊಳ್ಳಬಹುದು. ಒಗ್ಗರಣೆಯ ಎಣ್ಣೆ, ಅರಿಶಿನಗಳಿಗೆ ಪಾಲಿಯುರೆಥೇನ್ ಲೇಪ ಚೆನ್ನಾಗಿ ತಡೆಯೊಡ್ಡುತ್ತದೆ. ಅರಿಶಿನದ ಕಲೆ ಬಿಸಿಲು ಬಿದ್ದರೆ ತಾನೇ ಮಾಸುವುದೂ ಉಂಟು. ನನಗೆ ಅಗಸೆ ಎಣ್ಣೆಯ ಮೆರುಗೇ ಹೆಚ್ಚು ಇಷ್ಟ. ಆದರೆ ಅದನ್ನು ಬಳಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಒಣಗುವಾಗ ಶಾಖ ಹುಟ್ಟಿ, ಮುದ್ದೆಯೊಳಗೆ ಕೂಡಿಕೊಂಡು, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಮನೆಯ ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.